ಬೋರಲು ಬಟ್ಟಲು

ನಮ್ಮೂರಿನಲ್ಲಿ ಯಾರಿಗಾದರೂ ತೀರಾ ಕೆಟ್ಟದಾಗಿ ಬಯ್ಯಬೇಕೆಂದರೆ ‘ಮುಚ್ಚಳ’ ಎನ್ನುತ್ತಾರೆ. ದೊಡ್ಡವರ ಎದುರು, ಮಕ್ಕಳ ಎದುರು ಆ ಮಾತು ಆಡುವುದಿಲ್ಲ. ನಾನು ಚಿಕ್ಕವಳಿದ್ದಾಗ ಶಾಲೆಯ ಗೋಡೆಯ ಮೇಲೆ ಯಾರೋ ಇದ್ದಿಲಿನಿಂದ ಅದನ್ನು ಬರೆದಿದ್ದರೆಂದು ರಜೆ ಕೊಟ್ಟು ಗೋಡೆಗೆ ಸುಣ್ಣ ಬಳಿಸಿದ್ದರು. ಬಾಗಿಲನ್ನು ನಾವು ಮುಂದೆ ಮಾಡುತ್ತೇವೆಯೇ ಹೊರತು ಮುಚ್ಚುವುದಿಲ್ಲ. ಅಂಗಡಿಯನ್ನು ಸಂಜೆಗೆ ಎತ್ತುತ್ತೇವೆ. ಮುಚ್ಚುವುದೆಂಬ ಮಾತನ್ನು ಸತ್ತವರ ಕಣ್ಣಿಗೆಂದು ತೆಗೆದಿಟ್ಟಿದ್ದೇವೆ.

ಮುಚ್ಚಿದ ಪಾತ್ರೆಯಲ್ಲಿ ನಮ್ಮೂರಿನ ನೀರು ನಿಲ್ಲುವುದಿಲ್ಲ. ಕೊಡದ ಬಾಯಿಗೆ ತಟ್ಟೆ ಇಟ್ಟು ಹಿತ್ತಿಲಿಗೆ ಹೋಗಿ ಬಂದರೆ ಕೊಡ ಒಣಗಿರುತ್ತದೆ. ನೀರು ಸೋರಿರುವುದಿಲ್ಲ, ಆರಿರುವುದಿಲ್ಲ, ಹೋಗಿರುತ್ತದೆ, ಅಷ್ಟೆ. ಹಾಲು, ಎಣ್ಣೆ, ಶಾಯಿ ಎಲ್ಲಕ್ಕೂ ಅದೇ ಕಥೆ. ಎಲ್ಲಿಗೆ ಹೋಯಿತೆಂದು ಕೇಳುವ ಚಟ ಅಜ್ಜಂದಿರ ಕಾಲಕ್ಕೇ ಮುಗಿದಿದೆ. ಹೊರಗಿನಿಂದ ತಂದ ಔಷಧಿ ಸೀಸೆ ಊರಿನ ಗಡಿಕಲ್ಲು ದಾಟುವಾಗಲೇ ಕೈಯಲ್ಲಿ ಹಗುರವಾಗುತ್ತದೆ. ನಮ್ಮ ತೆಂಗಿನಕಾಯಿಯಲ್ಲಿ ನೀರಿಲ್ಲ. ನಮ್ಮ ದ್ರಾಕ್ಷಿ ಬಳ್ಳಿ ನೇರವಾಗಿ ಒಣದ್ರಾಕ್ಷಿ ಬಿಡುತ್ತದೆ. ನಾವು ಬಾಯಿ ತೆರೆದು ಮಲಗುತ್ತೇವೆ, ಎದ್ದ ಮೇಲೆ ಮಾತಾಡುತ್ತಲೇ ಇರುತ್ತೇವೆ. ಅಳು ಬಂದರೆ ತಡೆಯುವುದಿಲ್ಲ. ಇದರಿಂದ ನಮಗೆ ತೊಂದರೆಯೇನೂ ಆಗಿಲ್ಲ. ಒಂದೇ ತೊಂದರೆ ಧೂಳು.

ಊರಿನ ಸುತ್ತ ಉಪ್ಪಿನ ಬಯಲು. ಬೇಸಿಗೆ ತಿರುಗುವ ಹೊತ್ತಿಗೆ ಅದರ ಮೇಲಿಂದ ಧೂಳು ಏಳುತ್ತದೆ. ಆಗ ಕೊಡ, ಹಂಡೆ, ಹಾಲಿನ ಪರಾತಗಳ ಮೇಲೆ ನಾವು ಜಾಳು ಬಟ್ಟೆ ಹಾಸುತ್ತೇವೆ. ಬಟ್ಟೆಗೆ ಕಣ್ಣುಗಳಿರುವುದರಿಂದ ಅದು ಮುಚ್ಚಿದ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಧೂಳು ಕೂತು ಕಣ್ಣುಗಳು ಕಟ್ಟಿಕೊಂಡವೋ, ಬಟ್ಟೆಯೇ ಆ ಕೆಟ್ಟ ಪದವಾಗಿಬಿಡುತ್ತದೆ, ನೀರು ಹೋಗುತ್ತದೆ. ಹಾಸುವುದು ತಡವಾದರೆ ನೀರು ಕೆಸರು, ತೆಗೆಯುವುದು ತಡವಾದರೆ ನೀರೇ ಇಲ್ಲ. ಅದಕ್ಕೇ ಊರ ನಡುವೆ ಹುಡೇವು ಎಂಬ ಎತ್ತರದ ಬುರುಜು ಕಟ್ಟಿದ್ದಾರೆ. ಅದರ ಮೇಲೆ ನಿಂತು ಬಯಲನ್ನು ನೋಡುತ್ತ, ಯಾವ ಓಣಿ ಯಾವಾಗ ಹಾಸಬೇಕು, ಯಾವಾಗ ತೆಗೆದು ಝಾಡಿಸಬೇಕು ಎಂದು ಒಬ್ಬ ಕೂಗುತ್ತಾನೆ. ನನಗೆ ತಿಳಿವಳಿಕೆ ಬಂದಾಗಿನಿಂದ ಆ ಕೂಗು ನನ್ನ ಸೋದರಮಾವ ಫಕೀರಪ್ಪನದು. ‘ಬಾವಿ ಓಣಿ ಹಾಸ್ರಿ, ನೇಕಾರ ಓಣಿ ಇನ್ನಾ ತಡೀರಿ, ಕೆಳಗಿನ ಓಣಿ ತಗೀರಿ, ಝಾಡಸ್ರಿ.’ ಮಾವನ ದನಿಗೆ ಓಣಿಯ ತಿರುವುಗಳೂ ಗೊತ್ತಿದ್ದವು ಎನ್ನುತ್ತಿದ್ದರು.

ಅಷ್ಟು ಧೂಳು ಕುಡಿದ ಗಂಟಲಿನಲ್ಲಿ ಗಡ್ಡೆ ಎದ್ದಿತು. ಹೊರಗಿನ ದೊಡ್ಡಾಸ್ಪತ್ರೆಯವರು ಮಾವನ ಜೀವ ಉಳಿಸಿ ಧ್ವನಿಪೆಟ್ಟಿಗೆ ತೆಗೆದರು. ಕತ್ತಿನ ಬುಡದಲ್ಲಿ ಒಂದು ತೂತು ಉಳಿಯಿತು, ಉಸಿರಾಟ ಅದರ ಮೂಲಕ. ಜೊತೆಗೆ ಟಾರ್ಚಿನಂಥ ಒಂದು ಕೊಳವೆ ಕೊಟ್ಟು ಕಳಿಸಿದರು. ಅದನ್ನು ಗದ್ದದ ಕೆಳಗೆ ಒತ್ತಿ ಗುಂಡಿ ಅದುಮಿದರೆ ಗುಂಯ್ ಎನ್ನುತ್ತದೆ, ಆ ಗುಂಯ್ ಸದ್ದನ್ನು ತುಟಿ ನಾಲಿಗೆಗಳು ಮಾತಾಗಿ ಕತ್ತರಿಸುತ್ತವೆ. ಒಂದೇ ಸ್ವರದ ಮಾತು, ಜೀರುಂಡೆ ಶಾಲೆ ಕಲಿತ ಹಾಗೆ. ಆದರೂ ಮಾತು. ಮಾವನನ್ನು ಕರೆತರಲು ನಾನು ಗಡಿಕಲ್ಲಿನ ಬಳಿ ನಿಂತಿದ್ದೆ. ಬಸ್ಸಿಳಿದವನು ಆ ಕೊಳವೆಯಿಂದ ನನ್ನ ಹೆಸರು ಕೂಗುತ್ತಲೇ ಕಲ್ಲು ದಾಟಿದ. ಕೊಳವೆಯೊಳಗಿನ ಬ್ಯಾಟರಿಯೂ ಮುಚ್ಚಿದ ಪಾತ್ರೆಯೇ ತಾನೆ, ಅದರಲ್ಲೂ ಒಂದಿಷ್ಟು ತೇವ ಇರುತ್ತದೆ ತಾನೆ. ‘ಕಸ್ತೂ’ ಎಂಬಲ್ಲಿಗೆ ಮಾತು ನಿಂತಿತು.

ಊರಿಗೆ ತಂತಿಯ ವಿದ್ಯುತ್ತು ಬಂದಿಲ್ಲ. ಮಾಳಿಗೆಗಳ ಮೇಲೆ ಬಿಸಿಲುಹಲಗೆಗಳಿವೆ. ಬಿಸಿಲಿದ್ದಾಗ ಫ್ಯಾನು, ರೇಡಿಯೊ. ಬಿಸಿಲಿಳಿದರೆ ಎಣ್ಣೆದೀಪ. ಕೂಡಿಡುವ ಮಾತೇ ಇಲ್ಲ. ಮಾವ ತನ್ನ ರುಮಾಲಿನ ಮೇಲೆ ಒಂದು ಸಣ್ಣ ಬಿಸಿಲುಹಲಗೆ ಕಟ್ಟಿಕೊಂಡು, ಅದರ ತಂತಿಯನ್ನು ಕಿವಿಯ ಹಿಂದಿನಿಂದ ಇಳಿಸಿ ಕೊಳವೆಗೆ ಜೋಡಿಸಿದ. ಅಂದಿನಿಂದ ಮಾವ ಬಿಸಿಲಲ್ಲಿ ಮಾತ್ರ ಮಾತಾಡುವ ಮನುಷ್ಯನಾದ. ಮೋಡ ಅಡ್ಡ ಬಂದರೆ ಮಾತಿನ ಮಧ್ಯೆ ನಿಂತು, ಮೋಡ ಸರಿಯುವವರೆಗೆ ಕೈ ಎತ್ತಿಕೊಂಡೇ ಕಾಯುತ್ತಿದ್ದ. ನನ್ನನ್ನು ಮಾತ್ರ ಬಿಸಿಲಲ್ಲೂ ‘ಕಸ್ತೂ’ ಎಂದೇ ಕರೆಯುತ್ತಿದ್ದ. ಉಳಿದ ಅಕ್ಷರ ಯಾಕೆ ನುಂಗುತ್ತೀ ಎಂದು ಕೇಳಿದರೆ, “ಅದು ಬಾಕಿ ಐತಿ. ನೆಳ್ಳಾಗ ನಿಂತು ಹೇಳ್ತೀನಿ” ಅನ್ನುತ್ತಿದ್ದ.

ಇದರ ಲಾಭವನ್ನು ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಪಡೆದವನು ಚಹಾದಂಗಡಿಯ ಹುಚ್ಚೀರಪ್ಪ. ಅವನೂ ಮಾವನೂ ಹುಡುಗರಾಗಿದ್ದಾಗಿನಿಂದ ಒಬ್ಬರನ್ನೊಬ್ಬರು ಹಂಗಿಸುತ್ತ ಬದುಕಿದವರು. ಅಂಗಡಿಯ ಕಟ್ಟೆಯ ಮೇಲೆ, ಚಹಾಕ್ಕೆ ಸಕ್ಕರೆ ಸಾಲದೆಂದು ಶುರುವಾದ ಜಗಳ ಹುಚ್ಚೀರಪ್ಪನ ಅಜ್ಜನವರೆಗೆ ಹೋಗುತ್ತಿತ್ತು. “ನಿಮ್ಮ ಮುತ್ಯಾ ಈ ಊರಿಗೆ ಮೊದಲ ಬಂದಾಗ ತಲೀ ಮ್ಯಾಲ ಒಂದು ಬುಟ್ಟಿ ಹೊತ್ಕೊಂಡು ಬಂದಿದ್ದ. ಆ ಬುಟ್ಟಿ ತುಂಬ” ಎಂದು ಮಾವ ಶುರುಮಾಡುವಷ್ಟರಲ್ಲಿ ಹುಚ್ಚೀರಪ್ಪ ಮೆಲ್ಲಗೆ ಎದ್ದು, ಮೂಲೆಯ ಕಪ್ಪು ಛತ್ರಿ ಬಿಚ್ಚಿ ಮಾವನ ತಲೆಯ ಮೇಲೆ ಹಿಡಿಯುತ್ತಿದ್ದ. ಮಾತು ಅಲ್ಲಿಗೇ ತುಂಡು. “ನೆಳ್ಳಾಗ ಕುಂದರಪಾ ಫಕೀರಾ, ಬಿಸಲ ಬಾಳ ಐತಿ” ಎಂದು ಅತ್ಯಂತ ಕಾಳಜಿಯಿಂದ ಹೇಳುತ್ತಿದ್ದ. ಬುಟ್ಟಿಯಲ್ಲಿ ಏನಿತ್ತೆಂದು ಊರಿಗೆ ಊರೇ ಕಾದಿತ್ತು. ಪ್ರತಿ ಸಲವೂ ಛತ್ರಿ ಗೆಲ್ಲುತ್ತಿತ್ತು.

ನಗು ಅಲ್ಲಿಗೆ ನಿಲ್ಲುತ್ತಿತ್ತು. ಧೂಳು ಎದ್ದಾಗ ಸೂರ್ಯ ಮುಳುಗಿಹೋಗುತ್ತಾನೆ. ಮಾತು ಬೇಕಾದ ಹೊತ್ತಿಗೇ ಮಾವನ ಬಾಯಿ ಕಟ್ಟುತ್ತದೆ. ಆದರೂ ಅವನು ದಿನವೂ ಹುಡೇವು ಹತ್ತುತ್ತಿದ್ದ. ಧೂಳನ್ನು ಎಲ್ಲರಿಗಿಂತ ಮೊದಲು ಕಾಣುತ್ತಿದ್ದ, ಕೈ ಬೀಸುತ್ತಿದ್ದ, ಕೆಳಗಿನವರಿಗೆ ಆ ಮಬ್ಬಿನಲ್ಲಿ ಕೈ ಕಾಣುತ್ತಿರಲಿಲ್ಲ. ಅವನ ಬದಲು ಒಂದು ನಗಾರಿ ಇಟ್ಟರು. ನಗಾರಿಗೆ ಧೂಳು ಬಂತೆಂದು ಹೇಳಲು ಬರುತ್ತದೆ, ಯಾವ ಓಣಿಗೆ ಎಂದು ಹೇಳಲು ಬರುವುದಿಲ್ಲ. ಹೋದ ವರ್ಷ ನೇಕಾರ ಓಣಿಯವರು ಸದ್ದು ಕೇಳಿದ ಕೂಡಲೆ ಹಾಸಿ, ತೆಗೆಯುವುದು ಯಾವಾಗ ಎಂದು ತಿಳಿಯದೆ ಕೂತು, ಓಣಿಯ ಅಷ್ಟೂ ನೀರನ್ನು ಕಳೆದುಕೊಂಡರು. ಅಲ್ಲಿ ತಂಗೆವ್ವ ಎಂಬ ಬಾಣಂತಿ ಇದ್ದಳು. ಮಗುವಿಗೆ ಕುಡಿಸಲು ನೀರಿಲ್ಲದೆ ಅವಳು ಕೆಳಗಿನ ಓಣಿಯವರೆಗೆ ಧೂಳಿನಲ್ಲಿ ನಡೆದದ್ದನ್ನು ಮಾವ ಮೇಲಿನಿಂದ ನೋಡಿದ್ದ. ಅಂದಿನಿಂದ ಅವನು ಮೂರು ದಿನ ಬಿಸಿಲಿಗೇ ಬರಲಿಲ್ಲ.

ನಾನು ಹೊರಗಿನ ಊರಿನಲ್ಲಿ ರಸಾಯನಶಾಸ್ತ್ರ ಓದಿ, ಅಲ್ಲಿನ ಪ್ರಯೋಗಾಲಯದಲ್ಲಿ ಬೆಂಕಿ ಮತ್ತು ಪುಡಿಗಳ ನಡುವೆ ಇದ್ದು, ಒಂದು ಚೀಲ ತುಂಬ ಬಿಳಿ ಪುಡಿ ಹೊತ್ತುಕೊಂಡು ವಾಪಸಾದ ವರ್ಷವೇ ಊರ ಹಿರಿಯಳು ನಿಂಗವ್ವಜ್ಜಿ ಮಾವನನ್ನು ಕರೆಸಿದಳು. ಕೆಟ್ಟ ಹೆಂಗಸಲ್ಲ. ಮಾವನಿಗೆ ಮಾತಾಡಲು ಅನುಕೂಲವಾಗಲೆಂದು ಅಂಗಳದಲ್ಲೇ ಕೂತಳು.

“ಫಕೀರಾ, ನೀ ಬಿಸಲಾಗ ಮಾತಾಡ್ತಿ. ಧೂಳ ಬಂದಾಗ ಬಿಸಲ ಎಲ್ಲಿರ್ತೈತಿ, ನೀನ ಹೇಳು. ಈ ಸಲ ಹುಡೇವು ನಗಾರಿಯವಗ ಬಿಟ್ಟುಕೊಡು. ನಿನಗ ವಯಸ್ಸಾತು.”

ಮಾವ ಕೊಳವೆ ಎತ್ತಲಿಲ್ಲ. ಬಿಸಿಲಿತ್ತು, ಎತ್ತಬಹುದಿತ್ತು. ಅದನ್ನು ನೋಡಲಾಗದೆ ನಾನು ಬಾಯಿ ಹಾಕಿದೆ.

“ಮೊದಲನೇ ಧೂಳಿನ ತನಕ ತಡೀರಿ ಅಜ್ಜಿ. ಧೂಳಿನ್ಯಾಗ ಕೂಗಿದರ ಹುಡೇವು ಮಾವಂದು.”

“ಹೆಂಗ ಕೂಗ್ತಾನ?”

“ನಾ ಕೂಗಸ್ತೀನಿ.”

“ನೀ ಏನ ದೊಡ್ಡ ಸೂರ್ಯ ಬಿಡು” ಎಂದಳು ಅಜ್ಜಿ. ಆದರೆ ಒಪ್ಪಿದಳು.

ನನ್ನ ಧೈರ್ಯಕ್ಕೆ ಕಾರಣವಿತ್ತು. ಹೊರಗೆ ನಾನು ಕಲಿತು ಬಂದದ್ದು, ಒಣಕಲ್ಲಿನೊಳಗೆ ಹರಿಯುವ ಒಂದು ಸಂಗತಿ. ಅದನ್ನು ಚಹಾದಂಗಡಿಯಲ್ಲಿ ಹುಚ್ಚೀರಪ್ಪನಿಗೆ ಬಿಸ್ಕತ್ತುಗಳನ್ನು ಜೋಡಿಸಿ ವಿವರಿಸಿದೆ. ಪೆರೋವ್‌ಸ್ಕೈಟ್ ಎಂಬ ಮನೆ. ಕೋಣೆಯ ಪಕ್ಕ ಕೋಣೆ, ಕೋಣೆಯ ಮೇಲೆ ಕೋಣೆ, ಎಲ್ಲಾ ಒಂದೇ ಅಳತೆ. ಮೂಲೆಮೂಲೆಗೆ ಟೈಟಾನಿಯಂ ಕಂಬ. ಕೆಲವು ಕೋಣೆಗಳಲ್ಲಿ ಲ್ಯಾಂಥನಂ ಎಂಬ ದಪ್ಪ ಯಜಮಾನ ಕೂತಿದ್ದಾನೆ, ಕೂತಲ್ಲಿಂದ ಏಳುವುದಿಲ್ಲ. ಕೆಲವು ಕೋಣೆಗಳು ಖಾಲಿ. ಲಿಥಿಯಂ ಪುಟ್ಟದು, ನಿಂತಲ್ಲಿ ನಿಲ್ಲದ್ದು. ಖಾಲಿ ಕೋಣೆ ಕಂಡಲ್ಲೆಲ್ಲ ನುಗ್ಗುತ್ತ, ಮನೆಯ ಈ ತುದಿಯಿಂದ ಆ ತುದಿಗೆ ಓಡಾಡುತ್ತದೆ. ಹಾಗೆ ಓಡಾಡುವುದಕ್ಕೆ ಜಾಗ ಕೊಡುವ ಬಿಲ್ಲೆ ಮಾಡಿದರೆ ಬ್ಯಾಟರಿಗೆ ಹನಿ ದ್ರವವೂ ಬೇಡ. ಲಿಥಿಯಂ ನಮ್ಮ ಬಯಲಿನ ಉಪ್ಪಿನಲ್ಲೇ ಇದೆ.

ಹುಚ್ಚೀರಪ್ಪ ಯಜಮಾನ ಬಿಸ್ಕತ್ತನ್ನು ತಿಂದು ಕೇಳಿದ, “ಅಂದ್ರ ಹರಿಯೂದಂತೂ ಹೌದಲ್ಲ?”

“ಹೌದು.”

“ಮತ್ತ ಅದನ್ನ ಡಬ್ಬಿಯಾಗಿಟ್ಟು, ಆ ಕೆಟ್ಟ ಕೆಲಸ ಮಾಡಬೇಕು?”

“ಮಾಡಬೇಕು. ಗಾಳಿ ತಾಗಿದರ ಕೆಡ್ತೈತಿ.”

“ಹರಿಯೂದನ್ನ ಈ ಊರು ಡಬ್ಬಿಯಾಗ ಬಿಡ್ತೈತೇನು ತಂಗಿ? ನೀರಿಗೊಂದು ನ್ಯಾಯ, ಕಲ್ಲಿಗೊಂದು ನ್ಯಾಯ?”

ಊರಿನ ನಿಯಮ ಯಾವುದನ್ನು ದ್ರವ ಎನ್ನುತ್ತದೆ, ಯಾವುದನ್ನು ಅನ್ನುವುದಿಲ್ಲ ಎಂದು ಯಾರೂ ನೋಡಿರಲಿಲ್ಲ.

ಮೊದಲು ಬಿಲ್ಲೆ ಆಗಬೇಕಲ್ಲ. ಕುಂಬಾರ ದ್ಯಾಮವ್ವನ ಮನೆಯ ಹಿಂದೆ ಹೊಳಪಿನ ಕೊಡಗಳನ್ನು ಬೇಯಿಸುವ ದೊಡ್ಡ ಗೂಡು ಇದೆ. ಕಲ್ಲನ್ನು ಬೆವರಿಸುವಷ್ಟು ಕಾವು ಅದರದು. ಅಲ್ಲೇ ಒಂದು ಮೂಲೆ ಹಿಡಿದೆ. ಲ್ಯಾಂಥನಂ ಪುಡಿ ಗಾಳಿಯ ತೇವವನ್ನು ಕದ್ದು ಕುಡಿಯುತ್ತದೆ, ಅದನ್ನು ಮೊದಲು ಹುರಿದು, ಬಿಸಿ ಇರುವಾಗಲೇ ತೂಗಿದೆ. ಅದಕ್ಕೆ ಟೈಟಾನಿಯಂ ಪುಡಿ, ಲಿಥಿಯಂ ಉಪ್ಪು. ಮೂರೂ ಬಿಳಿ. ಒಂದರೊಳಗೊಂದು ಕರಗಿಹೋಗುವ ಹಾಗೆ ಅರೆದೆ, ಮಾವ ಅರೆದ, ಮತ್ತೆ ನಾನು ಅರೆದೆ. ಬಟ್ಟಲಲ್ಲಿ ಹಾಕಿ ಒಂದು ಸಲ ಬೇಯಿಸಿ, ತೆಗೆದು ಮತ್ತೆ ಅರೆದು, ಒತ್ತಿ ಬಿಲ್ಲೆ ಮಾಡಿ, ಗೂಡಿನ ಅತಿ ಕಾವಿನ ಹೊಟ್ಟೆಯಲ್ಲಿ ಎರಡನೇ ಸಲ ಬೇಯಿಸಿದೆ. ತಣ್ಣಗಾದ ಬಿಲ್ಲೆಯ ಎರಡೂ ಮುಖಕ್ಕೆ ಬೆಳ್ಳಿ ಬಳಿದು ಹೊರಗಿನಿಂದ ತಂದಿದ್ದ ಮೀಟರಿಗೆ ಹಚ್ಚಿದೆ. ಬಿಲ್ಲೆಯೊಳಗೆ ಲಿಥಿಯಂ ಓಡಾಡುತ್ತಿದ್ದರೆ ಪರದೆಯ ಮೇಲೆ ಕಮಾನುಗಳು ಮೂಡಬೇಕು. ಮೂಡಿದ್ದು ನೆಟ್ಟಗೆ ಮೇಲೆದ್ದ ಒಂದು ಗೋಡೆ. ಒಳಗೆ ಯಾರೂ ಇಲ್ಲ.

ಪುಡಿ ಬದಲಿಸಿದೆ, ಉಪ್ಪನ್ನು ಮತ್ತೆ ಶುದ್ಧಮಾಡಿದೆ, ಕಾವು ಏರಿಸಿದೆ, ಇಳಿಸಿದೆ. ಪ್ರತಿ ಸಲವೂ ಅದೇ ಗೋಡೆ. ಚೀಲ ಸೊರಗುತ್ತ ಬಂತು, ಬಯಲಿನ ಮೇಲಿನ ಗಾಳಿ ಬೆಚ್ಚಗಾಗುತ್ತ ಬಂತು. ಹುಚ್ಚೀರಪ್ಪ ಬಂದು ಸತ್ತ ಬಿಲ್ಲೆಗಳ ಸಾಲನ್ನು ನೋಡಿ, “ಪೇಡೆ ಚಲೋ ಆಗ್ಯಾವ. ಸಕ್ಕರಿ ಒಂದ ಕಡಿಮಿ” ಎಂದ. ಮಾವ ನಗಲಿಲ್ಲ. ಅವನು ಅರೆಯುತ್ತಿದ್ದ. ಅವನ ಕೈಯ ಗುಳ್ಳೆಗಳು ಒಡೆದು ಒಣಗಿ ಮತ್ತೆ ಎದ್ದಿದ್ದವು.

ಒಂದು ಮಧ್ಯಾಹ್ನ ದ್ಯಾಮವ್ವ ಗೂಡು ಬಿಚ್ಚುತ್ತಿದ್ದಳು. ಬಿಸಿ ಗಾಳಿಯೂ ಬೂದಿಯೂ ಒಟ್ಟಿಗೆ ಹೊರಬಂದವು. ಪಕ್ಕದಲ್ಲಿದ್ದ ಮಾವ ತಟ್ಟನೆ ಕತ್ತಿನ ತೂತಿಗೆ ಅಂಗೈ ಹಿಡಿದ.

“ಯಾಕೋ ಫಕೀರಣ್ಣ, ಹೊಸ ಮದಲಿಂಗನಂಗ ಮೈ ಹಿಡಕೋತಿ” ಎಂದು ದ್ಯಾಮವ್ವ ಕೆಣಕಿದಳು.

ಮಾವ ಇನ್ನೊಂದು ಕೈಯಲ್ಲಿ ಕೊಳವೆ ಎತ್ತಿದ. “ಆಸ್ಪತ್ರ್ಯಾಗಿನ ನರ್ಸಬಾಯಿ ಹೇಳ್ಯಾಳ ಬೇ. ಬಿಸಿ ಗಾಳಿ ಬಂದಾಗ ಕೈ ಹಿಡಿ, ತೆರದಿಟ್ಟರ ಒಳಗಿಂದು” ಎನ್ನುವಷ್ಟರಲ್ಲಿ ಹೊಗೆ ಬಿಸಿಲಿಗೆ ಅಡ್ಡ ಬಂತು. ಮಾವ ಬಾಯಿ ತೆರೆದುಕೊಂಡು ಕಾದ. ನಾವೂ ಕಾದೆವು. ಹೊಗೆ ಸರಿಯಿತು. “ಎಲ್ಲಾ ಹಾರಿ ಹೋಗ್ತೈತಂತ.”

ಕೈಯಲ್ಲಿದ್ದ ಬಟ್ಟಲನ್ನು ನಾನು ಕೆಳಗಿಟ್ಟೆ. ಹೊರಗಿನ ಪ್ರಯೋಗಾಲಯ ಕಣ್ಣ ಮುಂದೆ ಬಂತು. ಅಲ್ಲಿ ಕುಲುಮೆಯ ಕೆಲಸ ನನ್ನ ಜೊತೆಗಾತಿಯದು. ಬಿಲ್ಲೆಯ ಬಟ್ಟಲನ್ನು ಒಳಗಿಡುವ ಮೊದಲು ಅವಳು ಅದರ ಮೇಲೆ ಒಂದು ಅದನ್ನು ಇಡುತ್ತಿದ್ದಳು. ಪ್ರತಿ ಸಲವೂ ಇಡುತ್ತಿದ್ದಳು. ಪ್ರತಿ ಸಲವೂ ನಾನು ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡುತ್ತಿದ್ದೆ, ನಮ್ಮೂರಿನಲ್ಲಿ ಬೆಳೆದ ಯಾವ ಹುಡುಗಿಯಾದರೂ ನೋಡುವ ಹಾಗೆ. ಅಷ್ಟು ವರ್ಷ ಓದಿ ಬಂದ ನನಗೆ ಆ ಕಾವಿನಲ್ಲಿ ಲಿಥಿಯಂ ಆವಿಯಾಗುತ್ತದೆಂದು ಬಾಯಿಪಾಠವಿತ್ತು. ಕೈಗೆ ಮಾತ್ರ ಅದು ತಿಳಿದಿರಲಿಲ್ಲ. ತೆರೆದ ಬಟ್ಟಲಿನಿಂದ ಅಷ್ಟೂ ಲಿಥಿಯಂ ಗೂಡಿನ ಹೊಗೆಯ ಜೊತೆ ಎದ್ದು ಹೋಗಿತ್ತು. ನಾನು ಮಾಡಿದ್ದು ಬಾಡಿಗೆದಾರ ಬಿಟ್ಟುಹೋದ ಮನೆಗಳನ್ನು.

“ದ್ಯಾಮಕ್ಕಾ, ನನಗೊಂದು ಬೇಕು” ಎಂದೆ. ಮುಂದಿನ ಪದಕ್ಕೆ ನಾಲಿಗೆ ಏಳಲಿಲ್ಲ. ಬಟ್ಟಲಿನ ಮೇಲೆ ಅಂಗೈ ಬೋರಲಿಟ್ಟು ತೋರಿಸಿದೆ.

ದ್ಯಾಮವ್ವನ ಮುಖ ಕೆಂಪಾಯಿತು. “ಯವ್ವಾ, ಏನ ಹುಡುಗಿ ನೀ. ನಮ್ಮ ಮನಿತನದಾಗ ಇಂಥಾದ್ದು ಯಾರೂ ಮಾಡಿಲ್ಲ. ನಾಳೆ ನನ್ನ ಮಗಳಿಗೆ ವರ ಬರಬೇಕು.”

“ಒಳಗ ನೀರಿಲ್ಲಕ್ಕಾ. ಬರೇ ಪುಡಿ.”

“ನೀರಿಲ್ಲಂದ್ರೂ ನೋಡಾಕ ಅದು ಅದ ಅಲ್ಲೇನು?”

ಮಾವ ಕತ್ತಿನ ಮೇಲಿನ ಕೈಯನ್ನು ತೆಗೆದು ದ್ಯಾಮವ್ವನ ಮುಂದೆ ಚಾಚಿದ. ಒಡೆದ ಗುಳ್ಳೆಗಳ ಕೈ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಸೆರಗು ಸಿಕ್ಕಿಸಿ ತಿಗರಿಯ ಮುಂದೆ ಕೂತಳು. ಬಿಳಿಮಣ್ಣಿನ ಮುದ್ದೆ ಅವಳ ಬೆರಳಿನಲ್ಲಿ ಎದ್ದು ಅಗಲವಾಯಿತು. ಅವಳು ಮಾಡಿದ್ದು ಇನ್ನೊಂದು ಬಟ್ಟಲನ್ನೇ, ಮೊದಲಿನದಕ್ಕಿಂತ ಒಂದು ಕೂದಲಿನಷ್ಟು ಅಗಲ. ಒಣಗಿ ಬೆಂದ ಮೇಲೆ ಅದನ್ನು ತಲೆಕೆಳಗು ಮಾಡಿ ಮೊದಲಿನದರ ಮೇಲಿಟ್ಟಾಗ ಕಿರ್ ಎಂದು ಕೂತಿತು.

“ಇದು ಅದಲ್ಲ” ಎಂದಳು ದ್ಯಾಮವ್ವ. “ಇದು ಬಟ್ಟಲ. ಬೋರಲ ಬಿದ್ದೈತಿ ಅಷ್ಟ. ಯಾರರ ಕೇಳಿದರ ಹಂಗ ಹೇಳು.”

ಉಳಿದಿದ್ದ ಪುಡಿಯಲ್ಲಿ ಅರ್ಧವನ್ನು ಬಿಲ್ಲೆಗಳಾಗಿ ಒತ್ತಿದೆ. ಉಳಿದರ್ಧವನ್ನು ಬಟ್ಟಲಿನಲ್ಲಿ ಸುರಿದು ಬಿಲ್ಲೆಗಳನ್ನು ಅದರೊಳಗೆ ಹೂತೆ. ಹೋಗುವ ಲಿಥಿಯಂ ಸುತ್ತಲಿನ ಪುಡಿಯಿಂದ ಹೋಗಲಿ, ಬಿಲ್ಲೆಯದು ಬಿಲ್ಲೆಯಲ್ಲೇ ಇರಲಿ ಎಂದು. ಮೇಲೆ ಬೋರಲು ಬಟ್ಟಲು. ಗೂಡಿಗೆ ಉರಿ ಹಾಕುವಾಗ ದ್ಯಾಮವ್ವ ಬೆನ್ನು ತಿರುಗಿಸಿ ನಿಂತಿದ್ದಳು. ನಾನು ತಿರುಗಿಸಲಿಲ್ಲ.

ಗೂಡು ತಣಿದ ಬೆಳಿಗ್ಗೆ ಬಟ್ಟಲು ಎತ್ತಿದೆ. ಬಿಲ್ಲೆಗಳು ದಂತದ ಬಣ್ಣಕ್ಕೆ ತಿರುಗಿದ್ದವು, ಉಗುರಿನಿಂದ ಹೊಡೆದರೆ ಠಣ್ ಎಂದವು. ಬೆಳ್ಳಿ ಬಳಿದು ಮೀಟರಿಗೆ ಹಚ್ಚಿದೆ. ಪರದೆಯ ಎಡ ಅಂಚಿನಲ್ಲಿ ಮೊದಲು ಒಂದು ಪುಟ್ಟ ಕಮಾನು ಮೂಡಿತು, ಅದರ ಪಕ್ಕದಲ್ಲಿ ಒಂದು ದೊಡ್ಡದು. ಪುಟ್ಟದು ಒಂದೊಂದು ಹರಳಿನೊಳಗೆ ಲಿಥಿಯಂ ಓಡುವ ಸಲೀಸು. ದೊಡ್ಡದು ಒಂದು ಹರಳಿನಿಂದ ಇನ್ನೊಂದಕ್ಕೆ ದಾಟುವಾಗಿನ ಹಿಂಜರಿಕೆ, ನೆಂಟರ ಮನೆಯ ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಲುವ ಹಾಗೆ. ನಿಂತು, ಆದರೂ ಒಳಗೆ ಹೋಗುತ್ತಿತ್ತು. ಕಲ್ಲು ಹರಿಯುತ್ತಿತ್ತು. ಮಾವ ಆ ಎರಡು ಕಮಾನುಗಳನ್ನು ಬಹಳ ಹೊತ್ತು ನೋಡಿ, “ಸೇತುವಿ ಹಂಗ ಅದಾವು” ಎಂದ.

ಇನ್ನೊಂದು ಸಲ ಬಿದ್ದು ಎದ್ದೆವು. ಬ್ಯಾಟರಿಯ ಒಂದು ತುದಿಗೆಂದು ತಂದಿದ್ದ ಲಿಥಿಯಂ ಲೋಹದ ತಗಡನ್ನು ನೇರವಾಗಿ ತಾಗಿಸಿದ ಬಿಲ್ಲೆ ಮರುದಿನ ನೀಲಿಗಪ್ಪಾಗಿ, ಇದ್ದ ಕಸುವನ್ನೆಲ್ಲ ಒಳಗೊಳಗೇ ಸೋರಿಸಿಕೊಂಡಿತ್ತು. ಎರಡರ ನಡುವೆ ಅಂಟಿನ ಒಂದು ತೆಳು ಒಣಹಾಳೆ ಇಟ್ಟ ಮೇಲೆ ಸುಮ್ಮನಾಯಿತು. ಹಾಗೆ ಜೋಡಿಸಿದ ಬಿಲ್ಲೆಗಳನ್ನು ತಗಡಿನ ಡಬ್ಬಿಯಲ್ಲಿಟ್ಟೆ. ಉಳಿದಿದ್ದು ಹುಚ್ಚೀರಪ್ಪನ ಪ್ರಶ್ನೆ.

ಡಬ್ಬಿಗೆ ಬೆಸುಗೆ ಹಾಕುವ ದಿನ ಅರ್ಧ ಊರು ದ್ಯಾಮವ್ವನ ಹಿತ್ತಿಲಿನಲ್ಲಿತ್ತು. ನಿಂಗವ್ವಜ್ಜಿ ಮಕ್ಕಳನ್ನು ಮನೆಗೆ ಕಳಿಸಿದಳು. ಒಂದೆರಡು ಹೆಂಗಸರು ಸೆರಗಿನ ಮರೆಯಿಂದ ನೋಡಿದರು. ನಾನು ತಗಡನ್ನು ಮೇಲಿಟ್ಟು, ಸುತ್ತಲೂ ಸೀಸ ಹರಿಸಿ, ಗಾಳಿ ನುಸುಳಲೂ ಸಂದಿಲ್ಲದ ಹಾಗೆ ಮುಚ್ಚಿದೆ. ಹೌದು, ಮುಚ್ಚಿದೆ. ಆ ಕ್ರಿಯೆ ನಮ್ಮೂರಿನಲ್ಲಿ ಬದುಕಿದ್ದ ಒಂದು ವಸ್ತುವಿನ ಮೇಲೆ ನಡೆದದ್ದು ಅದೇ ಮೊದಲು. ದಿನವಿಡೀ ಬಿಸಿಲುಹಲಗೆಯಿಂದ ಅದಕ್ಕೆ ಬಿಸಿಲು ಕುಡಿಸಿ, ಸಂಜೆ ದ್ಯಾಮವ್ವನ ಒಳಕೋಣೆಯಲ್ಲಿಟ್ಟು ಬಂದೆ. ಊರಿನ ನಿಯಮಕ್ಕೆ ಬೇಕಾದಷ್ಟು ಸಮಯ ಕೊಟ್ಟೆ.

ಬೆಳಿಗ್ಗೆ ಮಾವ ಕೊಳವೆ ಹಿಡಿದು ಆ ಕೋಣೆಗೆ ಬಂದ. ಕಿಟಕಿಯಿಲ್ಲದ ಕೋಣೆ, ಮೂಲೆಯಲ್ಲಿ ಒಣಗಿದ ಕೊಡಗಳ ರಾಶಿ. ಡಬ್ಬಿ ಕೈಗೆತ್ತಿಕೊಂಡೆ, ನಿನ್ನೆಯಷ್ಟೇ ಭಾರವಿತ್ತು. ಆದರೆ ಭಾರ ಯಾವ ಸಾಕ್ಷಿ? ಮಾವ ರುಮಾಲನ್ನು, ಅದರ ಮೇಲಿನ ಬಿಸಿಲುಹಲಗೆಯನ್ನು ತೆಗೆದು ನೆಲದ ಮೇಲಿಟ್ಟ. ಅವನ ಬರಿದಲೆಯನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. ತಂತಿ ಜೋಡಿಸಿದೆ. ಬಾಗಿಲನ್ನು ಮುಂದೆ ಮಾಡಿದೆ. ಕತ್ತಲಾಯಿತು. ಅವನು ಕೊಳವೆಯನ್ನು ಗದ್ದಕ್ಕೆ ಒತ್ತಿದ ಸಪ್ಪಳ ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ನಾನು ಉಸಿರು ಹಿಡಿದಿದ್ದೆ, ಬಾಯಿ ತೆರೆದುಕೊಂಡೇ.

“ರಿ” ಎಂದ ಮಾವ.

ಅಷ್ಟೇ ಹೇಳಿದ್ದು. ಕತ್ತಲಲ್ಲಿ ಆ ಒಂದು ಅಕ್ಷರ ಗುಂಯ್ಯೆಂದು ಗೋಡೆಗಳಿಗೆ ತಾಗಿ ಕೊಡಗಳ ಬಾಯಲ್ಲೆಲ್ಲ ಸುತ್ತಾಡಿತು. ನಾನು ಅತ್ತೆ. ನಮ್ಮೂರಿನವಳು, ತಡೆಯುವ ಮಾತೇ ಇರಲಿಲ್ಲ.

ಮೊದಲನೇ ಧೂಳು ಆ ವಾರವೇ ಎದ್ದಿತು. ಊಟದ ಹೊತ್ತು. ಬಡಗಣದ ಬಯಲಿನ ಅಂಚು ಮೊದಲು ಹಳದಿಯಾಯಿತು, ಆಮೇಲೆ ಮೇಲಕ್ಕೆದ್ದಿತು. ಹುಡೇವಿನ ಮೇಲೆ ಮಾವ ಮತ್ತು ನಾನು. ಅವನ ಕೊಳವೆಗೆ ಒಂದು ಡಬ್ಬಿ, ನಾನು ತಂದಿದ್ದ ಧ್ವನಿವರ್ಧಕದ ಕಹಳೆಗೆ ಆಮೇಲೆ ಹಾಗೇ ಬೆಸೆದ ಹಲವು ಡಬ್ಬಿಗಳು ಸಾಲಾಗಿ. ಕೆಳಗೆ ನಿಂಗವ್ವಜ್ಜಿ, ಪಕ್ಕದಲ್ಲಿ ನಗಾರಿಯವನು ಕೋಲು ಹಿಡಿದು ನಿಂತಿದ್ದ. ಸೂರ್ಯ ತಾಮ್ರದ ತಟ್ಟೆಯಾದ, ಬೂದಿಯಾದ, ಇಲ್ಲವಾದ. ಮಾಳಿಗೆಗಳ ಮೇಲಿನ ಬಿಸಿಲುಹಲಗೆಗಳು ಸತ್ತವು. ಓಣಿಓಣಿಯಲ್ಲಿ ರೇಡಿಯೊಗಳು ನಿಂತ ಸದ್ದು ಕೇಳಿತು. ಜನ ಜಾಳು ಬಟ್ಟೆ ಹಿಡಿದು ಹೊರಬಂದು ಮೇಲೆ ನೋಡಿದರು. ನಗಾರಿಯವನು ಕೋಲು ಎತ್ತಿದ.

“ಬಾವಿ ಓಣಿ” ಎಂದಿತು ಆಕಾಶ. “ಹಾಸ್ರಿ.”

ನಗಾರಿಯವನ ಕೋಲು ಎತ್ತಿದಲ್ಲೇ ನಿಂತಿತು. ಆ ದನಿಯಲ್ಲಿ ಏರಿಲ್ಲ, ಇಳಿವಿಲ್ಲ, ತಗಡಿನ ಮೇಲೆ ತಗಡು ಎಳೆದ ಹಾಗೆ ಒಂದೇ ಸಮ. ಅದಕ್ಕೇ ಗಾಳಿಯ ಊಳನ್ನು ಅದು ಕತ್ತಿಯ ಹಾಗೆ ಸೀಳಿ ಹೋಯಿತು. ಹಳೆಯ ದನಿ ಎಂದೂ ಮುಟ್ಟದ ಸುಣ್ಣದ ಗೂಡುಗಳವರೆಗೂ ಮುಟ್ಟಿತು.

“ನೇಕಾರ ಓಣಿ, ಇನ್ನಾ ತಡೀರಿ. ಯಾರೂ ಹಾಸಬ್ಯಾಡ್ರಿ. ಕೆಳಗಿನ ಓಣಿ, ಹಾಸ್ರಿ. ಬಾವಿ ಓಣಿ, ತಗೀರಿ, ಝಾಡಸ್ರಿ, ಮತ್ತ ಹಾಸ್ರಿ.”

ಮೋಡದಂಥ ಆ ಧೂಳು ಊರ ಮಧ್ಯಕ್ಕೆ ಬಂದು ಒಮ್ಮೆಲೇ ಮೂಡಲಕ್ಕೆ ತಿರುಗಿತು. ನಗಾರಿಯಾಗಿದ್ದರೆ ಬಡಿಯುತ್ತಲೇ ಇರುತ್ತಿತ್ತು. ಮಾವ ಕಟಾಂಜನದಿಂದ ಅರ್ಧ ಹೊರಗೆ ಬಾಗಿ, ಕತ್ತಿನ ತೂತಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಧೂಳಿನೊಳಗೆ ಅವನಿಗೊಬ್ಬನಿಗೇ ಕಾಣುತ್ತಿದ್ದ ದಾರಿಯನ್ನು ನೋಡುತ್ತಿದ್ದ. “ನೇಕಾರ ಓಣಿ, ಈಗ. ಈಗ ಹಾಸ್ರಿ. ತಂಗೆವ್ವಾ, ಕೂಸಿನ ತಾಯಿ, ಮೂಲಿ ಮನ್ಯಾಕಿ, ಮೊದಲ ಹಾಲಿನ ಗಡಗಿ.” ಕೆಳಗೆ ಬಿಳಿ ಬಟ್ಟೆಗಳು ಓಣಿಯುದ್ದಕ್ಕೂ ಒಂದಾದ ಮೇಲೊಂದು ಹರಡಿಕೊಂಡವು, ಅವನು ಹೇಳಿದಾಗ ಎದ್ದವು, ಕೊಡವಿಕೊಂಡವು, ಮತ್ತೆ ಹರಡಿದವು. ಇಡೀ ಊರು ಅವನ ತುಟಿಗೆ ಕಟ್ಟಿದ ಹಾಗೆ ಅಲ್ಲಾಡುತ್ತಿತ್ತು. ಡಬ್ಬಿಗಳು ಬಿಸಿಯಾದವು, ಹಗುರಾಗಲಿಲ್ಲ. ಧೂಳು ಇಳಿದು ಮಸುಕು ಸೂರ್ಯ ಕಾಣಿಸುವವರೆಗೂ ಮಾವ ನಿಲ್ಲಲಿಲ್ಲ, ಕಾಣಿಸಿದ ಮೇಲೂ ನಿಲ್ಲಲಿಲ್ಲ. ಎಲ್ಲರೂ ತೆಗೆಯಿರಿ ಎಂದ. ನೀರು ನೋಡಿಕೊಳ್ಳಿ ಎಂದ. ಯಾವ ಓಣಿಯಲ್ಲೂ ಒಂದು ಕೊಡವೂ ಒಣಗಿರಲಿಲ್ಲ. ನೇಕಾರ ಓಣಿಯಿಂದ ಒಬ್ಬಳು ತುಂಬಿದ ತಂಬಿಗೆಯನ್ನು ತಲೆಗಿಂತ ಎತ್ತರಕ್ಕೆ ಎತ್ತಿ ಹುಡೇವಿನ ಕಡೆ ತೋರಿಸಿದಳು.

ನಿಂಗವ್ವಜ್ಜಿ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತ ನಿಂತಳು. ಡಬ್ಬಿಗಳ ಸಾಲನ್ನು ಕೋಲಿನಿಂದ ಮೆಲ್ಲಗೆ ಮುಟ್ಟಿ ನೋಡಿದಳು. “ಇದರಾಗ ಬಿಸಲ ಐತೇನು?” ಎಂದು ಕೇಳಿದಳು. ಐತಿ ಎಂದೆ. “ಮುಚ್ಚಿ ಇಟ್ಟೀಯೇನು?” ಎಂದಳು, ಆ ಪದವನ್ನು ಆಡಿಯೇ ಆಡಿದಳು. ಹೌದೆಂದೆ. ಅಜ್ಜಿ ಸ್ವಲ್ಪ ಹೊತ್ತು ಅದನ್ನು ಬಾಯಲ್ಲಿ ಅಗಿದ ಹಾಗೆ ಮಾಡಿ, “ಚಲೋ ಮುಚ್ಚೀದಿ” ಎಂದಳು. ಹುಡೇವಿನ ಬಗ್ಗೆ ಬೇರೆ ಮಾತು ಬೇಕಾಗಲಿಲ್ಲ. ನಗಾರಿಯವನು ಆಗಲೇ ನಗಾರಿಯನ್ನು ಉರುಳಿಸಿಕೊಂಡು ಮನೆಗೆ ಹೋಗಿದ್ದ.

ಹುಡೇವು ಇಳಿದ ಮಾವ ನೆಟ್ಟಗೆ ಚಹಾದಂಗಡಿಗೆ ನಡೆದ. ಹಿಂದೆ ಊರು. ಮೈಮೇಲಿನ ಧೂಳನ್ನೂ ಕೊಡವಲಿಲ್ಲ, ಕಟ್ಟೆಯ ಮೇಲೆ ಕೂತು, ಹುಚ್ಚೀರಪ್ಪ ಕೊಟ್ಟ ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, ಕೊಳವೆ ಎತ್ತಿದ.

“ಸಕ್ಕರಿ ಕಡಿಮಿ ಐತಿ.”

“ನಿನ್ನ ನಾಲಗಿ ಮ್ಯಾಲ ಧೂಳ ಐತಿ” ಎಂದ ಹುಚ್ಚೀರಪ್ಪ.

“ನಿಮ್ಮ ಮುತ್ಯಾ ಈ ಊರಿಗೆ ಮೊದಲ ಬಂದಾಗ ತಲೀ ಮ್ಯಾಲ ಒಂದು ಬುಟ್ಟಿ ಹೊತ್ಕೊಂಡು ಬಂದಿದ್ದ.”

ಹುಚ್ಚೀರಪ್ಪ ಮೂಲೆಗೆ ಕೈ ಚಾಚಿದ. ಛತ್ರಿ ಬಿಚ್ಚಿಕೊಂಡಿತು. ಮಾವನ ತಲೆಯ ಮೇಲೆ, ಹೆಗಲ ಮೇಲೆ, ಕಟ್ಟೆಯ ಮೇಲೆ ಕಪ್ಪು ನೆರಳು ಬಿತ್ತು. ಮಾವ ಮೇಲೆ ನೋಡಿ, ಛತ್ರಿಯ ಕಡ್ಡಿಗಳನ್ನು ಒಂದೊಂದಾಗಿ ಗಮನಿಸಿ, ಆರಾಮವಾಗಿ ಗೋಡೆಗೆ ಒರಗಿದ.

“ಆ ಬುಟ್ಟಿ ತುಂಬ” ಎಂದ ನೆರಳಿನಿಂದ, “ಮುಚ್ಚಳ. ಈ ಊರಾಗ ಮುಚ್ಚಳ ಮಾರಾಕ ಬಂದಿದ್ದ.”

ನಿಂಗವ್ವಜ್ಜಿಯಿಂದಲೇ ನಗು ಶುರುವಾಗಿ ಬಾವಿ ಓಣಿಯವರೆಗೂ ಹೋಯಿತು. ಹುಚ್ಚೀರಪ್ಪ ಮಾತ್ರ ಛತ್ರಿ ಹಿಡಿದುಕೊಂಡೇ ನಿಂತಿದ್ದ, ಮಡಚುವುದೋ ಬಿಡುವುದೋ ತಿಳಿಯದ ಹಾಗೆ. ದ್ಯಾಮವ್ವ ಜನರನ್ನು ಸರಿಸಿ ಮುಂದೆ ಬಂದಳು.

“ಆ ಮುಚ್ಚಳ ಈಗ ಎಲ್ಲ್ಯದಾವಪಾ ಹುಚ್ಚೀರಣ್ಣ? ಇಷ್ಟ ದಿನಾ ನಾ ಬಟ್ಟಲ ಬೋರಲ ಹಾಕಿ ಸತ್ತೆ.”

ಹುಚ್ಚೀರಪ್ಪ ಛತ್ರಿ ಮಡಚಿದ. ಎಲ್ಲರ ಮುಖವನ್ನೂ ಒಂದು ಸಲ ನೋಡಿ, ಅಂಗಡಿಯ ಒಳಗೆ, ಮೇಲಕ್ಕೆ ಬೆರಳು ತೋರಿಸಿದ.

“ಅಟ್ಟದ ಮ್ಯಾಲ ಅದಾವ” ಎಂದ. “ಏಣಿ ತರ್ರಿ.”